ಕ್ಯಾಬ್‌ನಲ್ಲಿ ಕೇಳಿದ ಜೋಕು

ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು: ‘ನಾನೂ ನಕ್ಕುಬಿಟ್ಟೆ, ಈಗ ಬೇಜಾರಾಯ್ತು ಅಂತ ಹೇಳೋ ಹಕ್ಕು ನನಗಿದೆಯಾ?’ ಖಂಡಿತ ಇದೆ. ವಿದ್ಯಾರಣ್ಯಪುರದಿಂದ ಹೊರಟ ಆಫೀಸಿನ ಕ್ಯಾಬು ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಂತಿರುವಾಗ, ಪೋಲಿ ಜೋಕು ಹೇಳುವ ನಾಲ್ವರು ಸಹೋದ್ಯೋಗಿ ಗಂಡಸರ ನಡುವೆ ಕೂತ ಒಬ್ಬಳು ಹೆಣ್ಣುಮಗಳು ನಗದೆ ಇನ್ನೇನು ಮಾಡಿಯಾಳು? ಫೋನು ನೋಡುವ ನೆಪದಲ್ಲಿ ತುಟಿ ಅರಳಿಸಿದ್ದು ಒಪ್ಪಿಗೆಯಲ್ಲ, ಆ ಗಳಿಗೆಯಿಂದ ಪಾರಾಗುವ ದಾರಿ.

ಇಂಥ ನಗುವಿಗೆ ವಿಧಾನಸಭೆಯೂ ಹೊರತಲ್ಲ. 2021ರ ಡಿಸೆಂಬರ್‌ನಲ್ಲಿ, ಬೆಳಗಾವಿ ಅಧಿವೇಶನದಲ್ಲಿ ಶಾಸಕ ರಮೇಶ್ ಕುಮಾರ್ ಅತ್ಯಾಚಾರವನ್ನು ತಮಾಷೆಯ ಮಾತಾಗಿಸಿದಾಗ ಸ್ಪೀಕರ್ ಕಾಗೇರಿಯವರೂ ನಕ್ಕರು. ರಮೇಶ್ ಕುಮಾರ್ ಮರುದಿನ ಸದನದಲ್ಲಿ ಕ್ಷಮೆ ಕೇಳಿದರು. ಆದರೆ ಆ ನಗುವನ್ನು ನನಗೆ ಇವತ್ತಿಗೂ ಮರೆಯಲಾಗಿಲ್ಲ. ಅದೂ ಜೊತೆಗೆ ಕೆಲಸ ಮಾಡುವವರ ಸಲಿಗೆಯ ನಗುವೇ ತಾನೇ!

ಸ್ನೇಹಿತರ ನಡುವೆ ಸಲಿಗೆ ಇರಲಿ. ಆದರೆ ಪ್ರತಿ ಜೋಕಿನಲ್ಲೂ ಹೆಂಡತಿ, ಹೊಸದಾಗಿ ಸೇರಿದ ಹುಡುಗಿ, ಅವಳ ಮೈಕಟ್ಟು ಇವೇ ಯಾಕೆ ಬರಬೇಕು?

ಕ್ಯಾಬಿನ ಆ ನಾಲ್ವರಲ್ಲಿ ನಿಮಗೆ ಹತ್ತಿರದವರೊಬ್ಬರಿಗೆ ಮೊದಲು ನೇರವಾಗಿ ಹೇಳಿ: ‘ಇಂಥದ್ದು ನನ್ನೆದುರು ಬೇಡಪ್ಪ, ಹಿಂಸೆ ಆಗತ್ತೆ.’ ಆಮೇಲೂ ನಿಲ್ಲದಿದ್ದರೆ ಕಾನೂನು ನಿಮ್ಮ ಜೊತೆಗಿದೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ಬೇಡದ ಲೈಂಗಿಕ ಧ್ವನಿಯ ಮಾತೂ ಕಿರುಕುಳವೇ. ಕಂಪನಿ ಕೊಟ್ಟ ಕ್ಯಾಬೂ ಕೆಲಸದ ಜಾಗವೇ. ಕೊನೆಯ ಘಟನೆ ನಡೆದ 3 ತಿಂಗಳೊಳಗೆ ಕಂಪನಿಯ ಆಂತರಿಕ ಸಮಿತಿಗೆ ಬರೆದು ದೂರು ಕೊಡಬಹುದು. ಯಾವ ದಿನ, ಯಾರು, ಏನಂದರು ಎಂಬುದನ್ನು ಇವತ್ತೇ ಬರೆದಿಡಿ. ಇಂಥದ್ದು ವಾಟ್ಸ್ಆ್ಯಪ್‌ಗೂ ಬಂದಿದ್ದರೆ ಅಸಹ್ಯವೆಂದು ಅಳಿಸಿಬಿಡಬೇಡಿ.