ಕೈ-ಕಾಲು-ಬಾಯಿ ರೋಗ: ಗಾಬರಿ ಬೇಡ, ಸೋಪು ಬೇಕು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಶಾಲೆಯೂ ಮಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಶುರು. ತೇವದ ಸೆಕೆ, ಕಿಟಕಿ ಮುಚ್ಚಿದ ತರಗತಿ, ಕಿಕ್ಕಿರಿದ ವ್ಯಾನು, ಅಂಗನವಾಡಿಯಲ್ಲಿ ಕೈಯಿಂದ ಬಾಯಿಗೆ ಹೋಗುವ ಆಟಿಕೆ. ವೈರಸ್‌ಗೆ ಇನ್ನೇನು ಬೇಕು?

ಐದು ವರ್ಷದೊಳಗಿನವರನ್ನು ಹೆಚ್ಚು ಕಾಡುವ ಕೈ-ಕಾಲು-ಬಾಯಿ ರೋಗ ಹರಡುವುದು ಹೀಗೆಯೇ. 2022ರಲ್ಲಿ ಪಕ್ಕದ ಕೇರಳದಿಂದ ‘ಟೊಮೆಟೊ ಜ್ವರ’ ಎಂದು ಸುದ್ದಿಯಾದದ್ದೂ ಬಹುಮಟ್ಟಿಗೆ ಇದೇ. ಸೋಂಕು ತಗಲಿದ 3ರಿಂದ 6 ದಿನಗಳಲ್ಲಿ ಜ್ವರ, ಬಾಯಿಹುಣ್ಣು, ಅಂಗೈ-ಅಂಗಾಲುಗಳಲ್ಲಿ ಗುಳ್ಳೆ ಕಾಣಿಸುತ್ತವೆ. ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಆ್ಯಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ.

ಎಂಜಲು, ಸಿಂಬಳ, ಗುಳ್ಳೆಯ ನೀರು, ಮಲ, ಇವೇ ಹರಡುವ ದಾರಿಗಳು. ಗುಳ್ಳೆ ಒಣಗಿದ ಮೇಲೂ ಮಲದಲ್ಲಿ ವಾರಗಟ್ಟಲೆ ವೈರಸ್ ಇರುತ್ತದೆ. ಆದ್ದರಿಂದ ಮಗುವಿನ ಕುಂಡೆ ತೊಳೆಸಿದ ಮೇಲೆ, ಉಣಿಸುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಸ್ಯಾನಿಟೈಸರನ್ನೇ ನಂಬಬೇಡಿ, ಈ ವೈರಸ್ ಅದಕ್ಕೆ ಸುಲಭವಾಗಿ ಬಗ್ಗದು. ಲೋಟ, ಬೈರಾಸು ಬೇರೆ ಇಡಿ. ಜ್ವರ ಬಿಟ್ಟು, ಗುಳ್ಳೆ ಒಣಗುವವರೆಗೆ ಶಾಲೆಗೆ ರಜೆ ಹಾಕಿಸಿ.

ಬಾಯಿ ಉರಿಯುವ ಮಗುವಿಗೆ ಖಾರ, ಹುಳಿ ಬೇಡ. ಆರಿದ ಗಂಜಿ, ಎಳನೀರು ಗುಟುಕು ಗುಟುಕಾಗಿ ಕೊಡಿ. ಆಸ್ಪಿರಿನ್ ಕೊಡಲೇಬೇಡಿ.

ಮೂತ್ರ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ, ಮಗು ಮಂಪರಾದರೆ, ಪದೇ ಪದೇ ಬೆಚ್ಚಿಬಿದ್ದರೆ, ಜ್ವರ ಮೂರು ದಿನ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಳೆಗಾಲದ ಜ್ವರ ಡೆಂಗಿಯೂ ಇರಬಹುದು. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ಪಕ್ಕದ ಮನೆಯವರಲ್ಲ.