ದೊಡ್ಡ ಕಥೆಯ ಕಿರಿಯ ಕವಲು

ಜನಮನವನ್ನು ಗೆದ್ದ ಕಥೆಯೊಂದರಿಂದ ಒಂದು ಪಾತ್ರವನ್ನೋ ಸ್ಥಳವನ್ನೋ ಆಯ್ದುಕೊಂಡು, ಅದನ್ನೇ ಬೆಳೆಸಿ ಮತ್ತೊಂದು ಕಥೆ ಕಟ್ಟುವುದುಂಟು. ಇಂತಹುದನ್ನು 'ಕವಲುಕಥೆ' ಎಂದು ಕರೆಯಬಹುದು. ಮಕ್ಕಳಿಗಾಗಿ ಹುಟ್ಟಿದ ಅಂತಹ ಒಂದು ಕವಲನ್ನು ಪರಿಶೀಲಿಸಿ, ಅದರಿಂದ ನಾವು ಕಲಿಯಬೇಕಾದುದೇನೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಜಾರ್ಜ್ ಲ್ಯೂಕಸ್ ಅವರ 'ಸ್ಟಾರ್ ವಾರ್ಸ್' ಚಲಚ್ಚಿತ್ರವು 1977ರಲ್ಲಿ ತೆರೆಗೆ ಬಂದಿತು. ಅಂತರಿಕ್ಷದ ಒಂದು ಕ್ರೂರ ಸಾಮ್ರಾಜ್ಯ, ಅದರ ವಿರುದ್ಧ ಎದ್ದ ದಂಗೆ, ಬೆಳಕಿನ ಖಡ್ಗ ಹಿಡಿದ ವೀರರು, ಇವೇ ಅದರ ವಸ್ತು. 1983ರ ಮೂರನೆಯ ಚಿತ್ರದಲ್ಲಿ ಎಂಡೋರ್ ಎಂಬ ಕಾಡುಲೋಕವೊಂದು ಬರುತ್ತದೆ. ಅಲ್ಲಿಯ ನಿವಾಸಿಗಳಾದ ಈವಾಕರು ನೋಡಲು ಕರಡಿಮರಿಗಳಂತಿದ್ದು, ಕಲ್ಲು, ಬಿಲ್ಲು, ಮರದ ದಿಮ್ಮಿಗಳಿಂದಲೇ ಸಾಮ್ರಾಜ್ಯದ ಸೈನ್ಯವನ್ನು ಎದುರಿಸುತ್ತಾರೆ.

ಮಕ್ಕಳು ಇವರನ್ನು ಮೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ. 1985ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಬಿಸಿ ದೂರದರ್ಶನವು 'ಈವಾಕ್ಸ್' ಎಂಬ ಕಾರ್ಟೂನ್ ಮಾಲೆಯನ್ನು ಆರಂಭಿಸಿತು. ಕೆನಡಾದ ನೆಲ್ವಾನಾ ಸಂಸ್ಥೆ ತಯಾರಿಸಿದ ಈ ಮಾಲೆ 1986ರವರೆಗೆ ನಡೆಯಿತು. ಇದರಲ್ಲಿ ಮಹಾಯುದ್ಧವು ಹಿಂದೆ ಸರಿಯಿತು. ವಿಕೆಟ್ ಎಂಬ ಈವಾಕ್ ಬಾಲಕನೂ ಅವನ ಗೆಳೆಯರೂ ಮುಂದೆ ಬಂದರು. ಕಾಡು, ಗೆಳೆತನ, ಹಿರಿಯರ ಮಾತು ಮೀರಿದಾಗ ಒದಗುವ ತೊಂದರೆ, ಇಂತಹ ವಿಷಯಗಳೇ ಇಲ್ಲಿ ಪ್ರಧಾನ. ಕಥೆಯ ಅಳತೆಯನ್ನು ಮಗುವಿನ ಅಳತೆಗೆ ಇಳಿಸಿದ್ದೇ ಇದರ ವಿಶೇಷ.

ಈ ಕ್ರಮವು ನಮಗೆ ಹೊಸದೇನಲ್ಲ. ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿ ಕುರುಕ್ಷೇತ್ರದ ಯುದ್ಧ ಮುಗಿದುಹೋಗಿದೆ. ಅಶ್ವಮೇಧದ ಕುದುರೆಯ ಹಿಂದೆ ಹೋಗುತ್ತ ನಾವು ತಬ್ಬಲಿ ಬಾಲಕನಾದ ಚಂದ್ರಹಾಸನ ಕಥೆಯನ್ನು ಕೇಳುತ್ತೇವೆ. ಅವನಿಗೆ ವಿಷ ಕೊಡಬೇಕೆಂದು ಬರೆದ ಓಲೆಯಲ್ಲಿ 'ವಿಷ'ವು 'ವಿಷಯೆ'ಯಾದುದನ್ನು ಕೇಳಿ ಹಿಗ್ಗದ ಮಗು ಯಾವುದು? ಕವಲುಕಥೆ ಮೂಲಕ್ಕಿಂತ ಕೀಳೆಂಬ ಭಾವನೆ ಸರಿಯಲ್ಲ.

ನಮ್ಮ ದೇಶದ ಸಿನಿಮಾದಲ್ಲಿಯೂ ಇದಕ್ಕೆ ಉದಾಹರಣೆಗಳಿವೆ. ಅನ್ಯಲೋಕದ ಜಾದೂವನ್ನು ತೋರಿಸಿದ 'ಕೋಯಿ ಮಿಲ್ ಗಯಾ' 2003ರಲ್ಲಿ ಬಂದಿತು. ಮರುವರ್ಷವೇ ಅದೇ ಜಾದೂ ಮಕ್ಕಳ ದೂರದರ್ಶನ ಮಾಲೆಗೆ ಬಂದ. ಅದೇ ಚಿತ್ರಸರಣಿಯ 'ಕ್ರಿಶ್' 2013ರಲ್ಲಿ 'ಕಿಡ್ ಕ್ರಿಶ್' ಎಂಬ ಬಾಲವೀರನಾದ. ಆದರೆ ಇವೆಲ್ಲವೂ ಹುಟ್ಟಿದ್ದು ಹಿಂದಿಯಲ್ಲಿ.

ಕನ್ನಡದ ಮಕ್ಕಳಿಗೆ ಏನು ದೊರೆಯಿತು? ಕನ್ನಡ ಕಲಾವಿದರ ಬದುಕನ್ನೂ ಕನ್ನಡದ ಸ್ವಂತ ಚಿತ್ರಗಳನ್ನೂ ಕಾಪಾಡುವುದಕ್ಕಾಗಿ 1960ರ ದಶಕದಲ್ಲಿ ಡಬ್ಬಿಂಗ್ ವಿರೋಧಿ ಚಳವಳಿ ನಡೆಯಿತು. ಅದರ ಉದ್ದೇಶ ಗೌರವಾರ್ಹವಾದುದು. ಆದರೆ ಅದೇ ನಿರ್ಬಂಧ ದಶಕಗಳ ಕಾಲ ಮುಂದುವರಿದಾಗ, ಪರಭಾಷೆಯ ಕಥೆಯನ್ನು ಮಗು ಪರಭಾಷೆಯಲ್ಲಿಯೇ ನೋಡಬೇಕಾಯಿತು. 2009ರಲ್ಲಿ ಬಂದ ಚಿಂಟು ಟಿವಿ ಕಾರ್ಟೂನುಗಳಿಗೆ ಕನ್ನಡದ ಬಾಯಿ ಕೊಟ್ಟಿತು. ಡಬ್ಬಿಂಗಿಗೆ ಅಡ್ಡಿಪಡಿಸುವುದು ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ತೀರ್ಪಿತ್ತಿತು.

ಬಾಗಿಲು ತೆರೆಯಿತು ನಿಜ. ಆದರೆ ತಂದ ಕಥೆಯೊಂದೇ ಸಾಲದು. ಈವಾಕರು ಕಲ್ಪನೆಯ ಕರಡಿಗಳು. ನಮ್ಮ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದಲ್ಲಿ ಮರಿಯನ್ನು ಬೆನ್ನ ಮೇಲೆ ಹೊತ್ತು ನಡೆಯುವ ನಿಜವಾದ ಕರಡಿಗಳಿವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಹಕ್ಕಿಗಳ ಲೋಕವಿದೆ. ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಬಿಲ್ಲನ್ನೇರಿ ಕಾರ್ಣಿಕ ನುಡಿಯುವ ಗೊರವಯ್ಯನಿದ್ದಾನೆ, ಕೊಟ್ಟೂರಿನಲ್ಲಿ ತೇರಿದೆ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಕೋಟೆಯಿದೆ. ಇವುಗಳಲ್ಲಿ ಒಂದೊಂದೂ ಒಂದು ದೊಡ್ಡ ಕಥೆಯೇ. ಅದನ್ನು ಮಗುವಿನ ಅಳತೆಗೆ ಇಳಿಸುವವರು ಮಾತ್ರ ಬೇಕಾಗಿದ್ದಾರೆ.

ನಮ್ಮ ಸಹಪಾಠಿಗಳಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು. ರಜೆಯಲ್ಲಿ ಊರಿಗೆ ಹೋದಾಗ, ಗುಡೇಕೋಟೆಯ ಮರಿಕರಡಿಯೊಂದಕ್ಕೆ ಹೆಸರಿಟ್ಟು, ಮನೆಯ ಮಕ್ಕಳಿಗೆ ಅದರ ಒಂದು ದಿನದ ಕಥೆಯನ್ನು ಹೇಳಿ ನೋಡಲಿ. ಕ್ಯಾಮರಾ, ಹಣ, ಸಂಸ್ಥೆ ಇವು ಆಮೇಲಿನ ಮಾತು.