ಕಡತವೂ ಪ್ರಜೆಯೂ

ಹಿಂದಿನ ಕಾಲದಲ್ಲಿ ಅರಸರೂ ಸಾಮಂತರೂ ದತ್ತಿಗಳನ್ನು ಬಿಟ್ಟಾಗ ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಊರ ಮುಂದೆಯೋ ದೇವಾಲಯದ ಬಳಿಯೋ ನಿಲ್ಲಿಸುತ್ತಿದ್ದರು. ದತ್ತಿಯನ್ನು ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಎಲ್ಲೆ ಯಾವುದು ಎಂಬುದೆಲ್ಲವೂ ಹತ್ತು ಜನರ ಕಣ್ಣಿಗೆ ಬೀಳುವಂತೆ ಅಲ್ಲಿ ಬರೆದಿರುತ್ತಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯೂ ಇಂಥ ಕಲ್ಲುಗಳನ್ನು ಉಳಿಸಿಕೊಂಡು ಬಂದಿದೆ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಬಯಲಿನಲ್ಲಿ ನಿಂತ ಕಲ್ಲಿನ ಮಾತನ್ನು ಮುಂದೆ ಬಂದ ಅಧಿಕಾರಿಯು ಸುಲಭವಾಗಿ ಅಲ್ಲಗಳೆಯುವಂತಿರಲಿಲ್ಲ.

ಇಂದು ಆ ಕಲ್ಲಿನ ಸ್ಥಾನದಲ್ಲಿ ಕಡತವಿದೆ. ಕಲ್ಲು ಬಯಲಿನಲ್ಲಿ ನಿಲ್ಲುತ್ತಿತ್ತು. ಕಡತವು ಕಚೇರಿಯ ಬೀರುವಿನಲ್ಲಿ ಮಲಗಿರುತ್ತದೆ. ಪ್ರಜೆಯ ಬಾಳಿಗೆ ಸಂಬಂಧಿಸಿದ ತೀರ್ಮಾನವು ಅದರಲ್ಲಿ ಅಡಗಿದ್ದರೂ ಬಹುಕಾಲದವರೆಗೆ ಅದನ್ನು ನೋಡುವ ಹಕ್ಕು ಅವನಿಗೆ ಇರಲಿಲ್ಲ. ಈ ಹಕ್ಕು ಹೇಗೆ ಬಂದಿತು, ಅದರಿಂದ ಏನು ಪ್ರಯೋಜನ, ಅದರ ಮಿತಿ ಯಾವುದು ಎಂಬುದನ್ನು ವಿಶ್ವವಿದ್ಯಾನಿಲಯದ ನೌಕರರ ಪಿಂಚಣಿಯ ನಿದರ್ಶನದಿಂದ ತಿಳಿದುಕೊಳ್ಳೋಣ.

ಪಿಂಚಣಿ ಎಂದರೇನು? ಅದು ಯಜಮಾನನು ದಯೆತೋರಿ ಕೊಡುವ ಭಿಕ್ಷೆಯೆಂದು ಒಂದು ಕಾಲದಲ್ಲಿ ಭಾವಿಸಲಾಗಿತ್ತು. 1979ರಲ್ಲಿ ಕೇಂದ್ರ ಸರ್ಕಾರವು ಪಿಂಚಣಿಯನ್ನು ಲೆಕ್ಕ ಹಾಕುವ ಕ್ರಮವನ್ನು ಉದಾರಗೊಳಿಸಿತು. ಆದರೆ ಆ ವರ್ಷದ ಮಾರ್ಚ್ 31ರಂದು ಸೇವೆಯಲ್ಲಿದ್ದು, ಅಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ ಆ ಲಾಭ ದೊರೆಯುವಂತೆ ಮಾಡಿತು. ಕೆಲವು ದಿನಗಳಷ್ಟು ಮೊದಲು ನಿವೃತ್ತರಾದವರು ಮಾಡಿದ ತಪ್ಪೇನು? ಡಿ. ಎಸ್. ನಾಕರಾ ಮತ್ತಿತರರು ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟರು. ಐವರು ನ್ಯಾಯಮೂರ್ತಿಗಳ ಪೀಠವು 1982ರ ಡಿಸೆಂಬರ್ 17ರಂದು ತೀರ್ಪಿತ್ತು, ಪಿಂಚಣಿಯು ದಾನವೂ ಅಲ್ಲ, ಅನುಗ್ರಹವೂ ಅಲ್ಲ, ಸಲ್ಲಿಸಿದ ಸೇವೆಗೆ ಪ್ರತಿಯಾಗಿ ದೊರೆಯುವ ಹಕ್ಕು ಎಂದು ಸಾರಿತು. ಒಂದೇ ವರ್ಗದ ನಿವೃತ್ತರನ್ನು ತಾರೀಖಿನ ಗೆರೆಯೆಳೆದು ಇಬ್ಭಾಗ ಮಾಡಿದುದನ್ನು ಅದು ಒಪ್ಪಲಿಲ್ಲ. ಆ ದಿನವನ್ನು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ.

ತಾರೀಖಿನ ಈ ಮಹತ್ತ್ವವನ್ನು ನಮ್ಮ ರಾಜ್ಯದಲ್ಲಿಯೂ ಕಾಣಬಹುದು. 2006ರ ಏಪ್ರಿಲ್ 1ರಂದು ಮತ್ತು ಅನಂತರ ರಾಜ್ಯ ಸರ್ಕಾರದ ಸೇವೆಗೆ ಸೇರಿದವರನ್ನು ವಂತಿಗೆಯ ಆಧಾರದ ಹೊಸ ಪಿಂಚಣಿ ಯೋಜನೆಗೆ ಒಳಪಡಿಸಲಾಯಿತು. ನೇಮಕಾತಿಯ ಅಧಿಸೂಚನೆ ಆ ದಿನಕ್ಕೆ ಮೊದಲೇ ಹೊರಟಿದ್ದು, ನೇಮಕದ ಆದೇಶ ಮಾತ್ರ ತಡವಾಗಿ ಕೈಸೇರಿದವರ ಗತಿಯೇನು? ಅಂಥ ಸುಮಾರು 13,000 ನೌಕರರನ್ನು ಹಳೆಯ ಯೋಜನೆಗೆ ತರಲು ಸರ್ಕಾರವು 2024ರ ಜನವರಿಯಲ್ಲಿ ಆದೇಶ ಹೊರಡಿಸಿತು. ಎಷ್ಟೋ ವರ್ಷಗಳ ಹಿಂದಿನ ಅಧಿಸೂಚನೆಯ ಮೇಲಿದ್ದ ತಾರೀಖು ಅಷ್ಟು ಸಂಸಾರಗಳ ಮುಪ್ಪಿನ ದಿನಗಳನ್ನು ನಿರ್ಧರಿಸಿತು. ಕಾಗದ ಸಣ್ಣದಾದರೂ ಅದರ ಮೇಲಿನ ಬರಹ ಸಣ್ಣದಲ್ಲ.

ಈಗ ವಿಶ್ವವಿದ್ಯಾನಿಲಯದ ವಿಚಾರಕ್ಕೆ ಬರೋಣ. ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳ ಪದವಿ ಕಾಲೇಜುಗಳು ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿವೆ. ಈ ವಿಶ್ವವಿದ್ಯಾನಿಲಯವು 2004ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ಸ್ಥಾಪಿತವಾಯಿತು. ಯಾವುದೇ ವಿಶ್ವವಿದ್ಯಾನಿಲಯದಲ್ಲಿ ಬೋಧಕರಲ್ಲದೆ ಗುಮಾಸ್ತರು, ಗ್ರಂಥಾಲಯದ ಸಹಾಯಕರು, ಜವಾನರು ಮೊದಲಾದ ಅನೇಕರು ದುಡಿಯುತ್ತಾರೆ. ಅವರ ಸೇವಾ ಪುಸ್ತಕದಲ್ಲಿ ಸೇವೆಗೆ ಸೇರಿದ ದಿನ, ರಜೆ, ಬಡ್ತಿ, ವೇತನ ಇವೆಲ್ಲವೂ ದಾಖಲಾಗಿರುತ್ತವೆ. ಹಂಗಾಮಿಯಾಗಿ ದುಡಿದ ವರ್ಷಗಳು ಲೆಕ್ಕಕ್ಕೆ ಬರುತ್ತವೆಯೆ, ಕೊನೆಯ ವೇತನವೆಷ್ಟು ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಪಿಂಚಣಿಯ ಮೊತ್ತ ಏರುತ್ತದೆ, ಇಳಿಯುತ್ತದೆ. ನೌಕರನು ತೀರಿಕೊಂಡಿದ್ದರೆ ಅವನ ಮಡದಿಗೆ ಸಲ್ಲಬೇಕಾದ ಕುಟುಂಬ ಪಿಂಚಣಿಯೂ ಅದೇ ಪುಸ್ತಕವನ್ನು ಅವಲಂಬಿಸಿದೆ. ‘ನಿಮ್ಮ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದರೆ ಆ ವಿಧವೆಯು ಏನು ಮಾಡಬೇಕು? ಕಾರಣ ತಿಳಿಯದ ತೀರ್ಮಾನವನ್ನು ಪ್ರಶ್ನಿಸುವುದಾದರೂ ಹೇಗೆ?

ಇಂಥ ಪ್ರಶ್ನೆಗಳಿಗೆ ಉತ್ತರವಾಗಿ ಬಂದುದೇ ಮಾಹಿತಿ ಹಕ್ಕು. ಸ್ವೀಡನ್ ದೇಶವು 1766ರಷ್ಟು ಹಿಂದೆಯೇ ಸರ್ಕಾರದ ದಾಖಲೆಗಳನ್ನು ಪ್ರಜೆಗಳಿಗೆ ತೆರೆಯುವ ಶಾಸನವನ್ನು ಮಾಡಿತ್ತು. ನಮ್ಮ ದೇಶದಲ್ಲಿ ರಾಜಸ್ಥಾನದ ಹಳ್ಳಿಗಳ ಕೂಲಿಕಾರರು 1990ರ ದಶಕದಲ್ಲಿ ತಮ್ಮ ಕೂಲಿಯ ಹಾಜರಿಪಟ್ಟಿಗಳನ್ನು ತೋರಿಸಿರೆಂದು ಕೇಳಿ ಹೋರಾಟ ಹೂಡಿದರು. ಹೊಟ್ಟೆಯ ಪ್ರಶ್ನೆಯೇ ದಾಖಲೆಯ ಪ್ರಶ್ನೆಯೂ ಹೌದೆಂಬುದನ್ನು ಅವರು ನಾಡಿಗೆ ತೋರಿಸಿಕೊಟ್ಟರು. ಕರ್ನಾಟಕವು 2000ದಲ್ಲಿಯೇ ತನ್ನದೊಂದು ಮಾಹಿತಿ ಹಕ್ಕು ಕಾಯಿದೆಯನ್ನು ರಚಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಮಾಹಿತಿ ಹಕ್ಕು ಅಧಿನಿಯಮವು 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂದಿತು.

ಕಾನೂನಿನ ಮೂಲಕ ಸ್ಥಾಪಿತವಾದ ವಿಶ್ವವಿದ್ಯಾನಿಲಯವು ಈ ಅಧಿನಿಯಮದ ಪ್ರಕಾರ ಸಾರ್ವಜನಿಕ ಪ್ರಾಧಿಕಾರವಾಗಿದೆ. ಮಾಹಿತಿ ಬೇಕಾದವರು ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕನ್ನಡದಲ್ಲಿಯೇ ಅರ್ಜಿ ಸಲ್ಲಿಸಬಹುದು. ಅರ್ಜಿಯ ಶುಲ್ಕ ನಮ್ಮ ರಾಜ್ಯದಲ್ಲಿ ಹತ್ತು ರೂಪಾಯಿ. ಮಾಹಿತಿ ಏತಕ್ಕೆ ಬೇಕೆಂದು ಅರ್ಜಿದಾರನು ಹೇಳಬೇಕಾಗಿಲ್ಲ. ಬರೆಯಲಾರದವರಿಗೆ ಅರ್ಜಿ ಬರೆಯಲು ನೆರವಾಗುವುದು ಆ ಅಧಿಕಾರಿಯ ಕರ್ತವ್ಯ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರು ದೂರ. ಮುಪ್ಪಿನವರು ಅಲ್ಲಿಗೆ ಮತ್ತೆ ಮತ್ತೆ ಅಲೆಯುವ ಬದಲು ಅಂಚೆಯಲ್ಲಿ ಅರ್ಜಿ ಕಳುಹಿಸಬಹುದು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅದೇ ಸಂಸ್ಥೆಯ ಹಿರಿಯ ಅಧಿಕಾರಿಗೆ ಮೊದಲ ಮೇಲ್ಮನವಿಯನ್ನೂ, ಅನಂತರ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿಯನ್ನೂ ಸಲ್ಲಿಸಲು ಅವಕಾಶವಿದೆ. ಸಕಾರಣವಿಲ್ಲದೆ ತಡಮಾಡಿದ ಮಾಹಿತಿ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಇದಕ್ಕಿಂತಲೂ ಮಿಗಿಲಾದ ಮಾತೊಂದು ಅಧಿನಿಯಮದ ನಾಲ್ಕನೆಯ ಪ್ರಕರಣದಲ್ಲಿದೆ. ಆಡಳಿತದ ತೀರ್ಮಾನಗಳಿಂದ ಬಾಧಿತರಾದವರಿಗೆ ಆ ತೀರ್ಮಾನದ ಕಾರಣಗಳನ್ನು ಸಂಸ್ಥೆಯೇ ತಿಳಿಸಬೇಕೆಂದು ಅದು ವಿಧಿಸುತ್ತದೆ. ಪಿಂಚಣಿಯನ್ನು ತಡೆಹಿಡಿದವರು ಏಕೆ ತಡೆಹಿಡಿದೆವು ಎಂದು ಹೇಳಲೇಬೇಕು. ಕಾರಣ ಹೇಳಬೇಕಾದವನು ಕಾರಣವನ್ನು ಹುಡುಕಬೇಕಾಗುತ್ತದೆ. ಹುಡುಕಿದಾಗ ಸಿಗದಿದ್ದರೆ ತೀರ್ಮಾನವನ್ನೇ ತಿದ್ದಿಕೊಳ್ಳಬೇಕಾಗುತ್ತದೆ.

ಹಾಗೆಂದು ಎಲ್ಲರ ಕಡತವನ್ನೂ ಎಲ್ಲರೂ ನೋಡಬಹುದೆ? ಇಲ್ಲ. ಒಬ್ಬನ ಸೇವಾ ಪುಸ್ತಕದಲ್ಲಿ ಅವನ ಕಾಯಿಲೆಯ ರಜೆ, ಸಾಲ, ಮನೆಯವರ ವಿವರಗಳು ಇರಬಹುದು. ಅವನ್ನು ನೆರೆಯವರು ಕೆದಕುವುದು ನ್ಯಾಯವಲ್ಲ. ನೌಕರನ ಸೇವಾ ವಿಚಾರಗಳು ಸಾಮಾನ್ಯವಾಗಿ ಖಾಸಗಿ ಮಾಹಿತಿಯೆಂದೂ, ವಿಶಾಲವಾದ ಸಾರ್ವಜನಿಕ ಹಿತವಿದ್ದಲ್ಲಿ ಮಾತ್ರ ಅವನ್ನು ಹೊರಗೆಡಹಬಹುದೆಂದೂ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಹೇಳಿತು. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ 2023ರಲ್ಲಿ ಆದ ಕಾಯಿದೆಯು ಈ ವಿನಾಯಿತಿಯನ್ನು ಇನ್ನಷ್ಟು ವಿಸ್ತರಿಸಿತು; ಆ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಆದರೂ ಸಾರ್ವಜನಿಕ ಹಿತವು ಹಾನಿಗಿಂತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದೆಂಬ ಎಂಟನೆಯ ಪ್ರಕರಣದ ಎರಡನೆಯ ಉಪಪ್ರಕರಣ ಉಳಿದುಕೊಂಡಿದೆ.

ಆದ್ದರಿಂದ ಮೂರು ಬಗೆಯ ದಾಖಲೆಗಳನ್ನು ಬೇರೆ ಬೇರೆಯಾಗಿ ಕಾಣುವುದು ಉಚಿತ. ತನ್ನದೇ ಕಡತವನ್ನು ನೌಕರನು ಕೇಳಿದಾಗ ಖಾಸಗಿತನದ ಅಡ್ಡಿಯನ್ನು ಒಡ್ಡುವುದು ಸರಿಯಲ್ಲ. ಅದು ಅವನದೇ ಬದುಕಿನ ವಿವರ. ಪರರ ಖಾಸಗಿ ವಿವರಗಳಿಗೆ ರಕ್ಷಣೆ ಇರಬೇಕು. ಆದರೆ ಪಿಂಚಣಿಯ ನಿಯಮಗಳು, ಸಿಂಡಿಕೇಟಿನ ನಿರ್ಣಯಗಳು, ಪಿಂಚಣಿಗಾಗಿ ವೆಚ್ಚವಾದ ಹಣದ ಒಟ್ಟು ಲೆಕ್ಕ ಇವು ಎಲ್ಲರಿಗೂ ಸೇರಿದವು. ಏಕೆಂದರೆ ಆ ಹಣದಲ್ಲಿ ವಿದ್ಯಾರ್ಥಿಯ ಶುಲ್ಕವೂ ರೈತನ ತೆರಿಗೆಯೂ ಬೆರೆತಿವೆ. ಒಬ್ಬನಿಗೆ ಅನ್ವಯಿಸಿದ ನಿಯಮವು ಮತ್ತೊಬ್ಬನಿಗೂ ಅನ್ವಯಿಸಿತೆ ಎಂಬುದು ಹೆಸರುಗಳನ್ನು ಬಯಲು ಮಾಡದೆಯೇ ತಿಳಿಯಬಹುದಾದ ಸಂಗತಿ.

ಹಕ್ಕು ಕಾಗದದ ಮೇಲಿದ್ದರೆ ಸಾಲದು. ಅದನ್ನು ಬಳಸುವ ತಿಳಿವಳಿಕೆಯೂ ತಾಳ್ಮೆಯೂ ಬೇಕು. ಅರ್ಜಿಯು ಸ್ಪಷ್ಟವಾಗಿರಬೇಕು, ಕೇಳುವ ದಾಖಲೆಯ ಹೆಸರೂ ವರ್ಷವೂ ಅದರಲ್ಲಿರಬೇಕು. ಹಗೆ ತೀರಿಸಿಕೊಳ್ಳಲು ಈ ಹಕ್ಕನ್ನು ಬಳಸುವವನು ಅದರ ಬಲವನ್ನು ಕುಂದಿಸುತ್ತಾನೆ. ಅಕ್ಷರ ಕಲಿತ ನೀವು ನಿಮ್ಮ ಊರಿನ ವೃದ್ಧರೊಬ್ಬರಿಗೆ ಇಂಥ ಅರ್ಜಿಯನ್ನು ಬರೆದುಕೊಟ್ಟರೆ ನಿಮ್ಮ ವಿದ್ಯೆ ಸಾರ್ಥಕವಾಗುವುದು. ಮೂವತ್ತು ವರ್ಷ ದುಡಿದವನಿಗೆ ಸಲ್ಲಬೇಕಾದುದು ಏಕೆ ಸಂದಿತು, ಏಕೆ ಸಲ್ಲಲಿಲ್ಲ ಎಂಬುದನ್ನು ಅವನಿಗೆ ತಿಳಿಸುವುದು ಆಡಳಿತವು ಅವನಿಗೆ ತೋರಬೇಕಾದ ಮೊದಲ ಗೌರವ.